ಕರಗಿತೋ, ಕರಗಿಸಿದೆವೋ?

ಅಂಟಾರ್ಕ್ಟಿಕಾದ ಪ್ರವಾಸಕಥನಗಳನ್ನು ಓದುವಾಗ ನಾನು ಕ್ರಿಯಾಪದಗಳನ್ನು ಗಮನಿಸುತ್ತೇನೆ. ಹಡಗು ಹತ್ತಿದ್ದು, ಪೆಂಗ್ವಿನ್ ಕಂಡಿದ್ದು, ಬೆರಗಾದದ್ದು ಎಲ್ಲವೂ 'ನಾನು'. ಹಿಮದ ಮಾತು ಬಂದಾಗ ಮಾತ್ರ ಆ 'ನಾನು' ಮಾಯ. ಹಿಮ ತಾನಾಗಿ 'ಕರಗುತ್ತಿದೆ'. 'ಕರಗಿಸುತ್ತಿದ್ದೇವೆ' ಎನ್ನಲು ಕನ್ನಡದಲ್ಲಿ ಒಂದು 'ಇಸು' ಪ್ರತ್ಯಯ ಸಾಕು. ಬರಹ ಹಿಂಜರಿಯುವುದು ಅಲ್ಲೇ.

ಆ ಪ್ರತ್ಯಯಕ್ಕೆ ತೂಕವಿದೆ. 2022ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, 2016ರಿಂದ 2020ರವರೆಗೆ ಅಲ್ಲಿಗೆ ಹೋದ ಒಬ್ಬೊಬ್ಬ ಪ್ರವಾಸಿಯ ಪಾಲಿಗೂ ಸುಮಾರು 83 ಟನ್ ಹಿಮ ಬೇಗ ಕರಗಿದೆ. ಹಡಗುಗಳು ಉಗುಳುವ ಮಸಿ ಕೂತರೆ ಹಿಮದ ಬಿಳುಪು ಮಾಸಿ, ಅದು ಹೆಚ್ಚು ಬಿಸಿಲು ಹೀರುತ್ತದೆ. 'ಇಲ್ಲವಾಗುವ ಮುನ್ನ ನೋಡಿಬಿಡೋಣ' ಎಂಬ ಹಂಬಲವೇ ಇಲ್ಲವಾಗುವ ದಿನವನ್ನು ಹತ್ತಿರ ತರುತ್ತದೆ.

ನಮ್ಮ ಪಾಂಡವಪುರದ ಕಡೆಯೂ ಇದೇ ವ್ಯಾಕರಣ. ಕೆ.ಆರ್.ಎಸ್. ಕಟ್ಟಿದಾಗ ಹಳೆಯ ಕನ್ನಂಬಾಡಿ, ಅದರ ವೇಣುಗೋಪಾಲಸ್ವಾಮಿ ಗುಡಿ 'ಮುಳುಗಿದವು' ಎನ್ನುತ್ತೇವೆ. ಬರಗಾಲದಲ್ಲಿ ನೀರು ತಗ್ಗಿ ಗುಡಿ ಕಂಡರೆ ಜನ ನೋಡಲು ಹೋಗುತ್ತಿದ್ದರು. ಈಗ ಅದನ್ನು ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿರುವುದರಿಂದ ಬರಕ್ಕೆ ಕಾಯಬೇಕಿಲ್ಲ. ಮುಳುಗಿಸಿದವರು ಯಾರು? ಮಹಾರಾಜರು, ವಿಶ್ವೇಶ್ವರಯ್ಯನವರು ಎಂದರೆ ಅರ್ಧ ಉತ್ತರ. ನಾಲೆಯ ನೀರಿನಲ್ಲಿ ಬೆಳೆದ ಅನ್ನ ಉಂಡ ನಾವೂ ಆ ಕ್ರಿಯಾಪದದ ಕರ್ತೃಗಳು.

ಆದರೂ ಒಂದು ವ್ಯತ್ಯಾಸವಿದೆ. ಊರು ಮುಳುಗಿಸಿದ್ದಕ್ಕೆ ಗದ್ದೆಗೆ ನೀರು ಬಂತು ಎಂದಾದರೂ ಹೇಳಬಹುದು. ಹಿಮ ಕರಗಿಸಿದ್ದಕ್ಕೆ ಯಾರಿಗೆ ಏನು ಬಂತು? ಈ ಪ್ರಶ್ನೆಗೆ 'ನಾನು' ಎಂದೇ ಶುರುವಾಗುವ ವಾಕ್ಯದಲ್ಲಿ ಉತ್ತರಿಸುವ ಪ್ರವಾಸಕಥನಕ್ಕಾಗಿ ಕಾಯುತ್ತಿದ್ದೇನೆ.