ಮಂದ್ರದ ಮರ್ಯಾದೆ

ದಾವಣಗೆರೆಯ ಎಷ್ಟೋ ರಸಮಂಜರಿಗಳಲ್ಲಿ ಬೇಸ್ ಗಿಟಾರು ಗುಡುಗುತ್ತದೆ, ಹಾಡುವುದಿಲ್ಲ. ಇದಕ್ಕೆ ಮದ್ದೆಂದು ವಾದಕರು ಇನ್ನೂ ದೊಡ್ಡ ಆಂಪ್ಲಿಫೈಯರು ತರುತ್ತಾರೆ. ರೋಗವೊಂದು, ಔಷಧವಿನ್ನೊಂದು!

1951ರಲ್ಲಿ ಬಂದ ಫೆಂಡರ್ ಬೇಸಿಗೆ ‘ಪ್ರಿಸಿಷನ್’ ಎಂಬ ಹೆಸರು ಬಂದದ್ದು, ಮೆಟ್ಟುಗಳಿಂದ ಸ್ವರ ನಿಖರವಾಗಿ ನಿಲ್ಲುವುದೆಂದು. ಆದರೆ ಮೆಟ್ಟಿದ್ದ ಮಾತ್ರಕ್ಕೆ ಸ್ವರ ನಿಂತೀತೆ? 12ನೆಯ ಮೆಟ್ಟಿನಲ್ಲಿ ಒತ್ತಿದ ತಂತಿ, ಬಿಟ್ಟ ತಂತಿಯ ಸ್ವರವನ್ನೇ ಒಂದು ಸ್ಥಾಯಿ ಮೇಲೆ ನುಡಿಯಬೇಕು. ಏರಿದರೆ ಕುದುರೆಯನ್ನು ಹಿಂದಕ್ಕೆ, ಇಳಿದರೆ ಮುಂದಕ್ಕೆ ಸರಿಸಬೇಕು. ಬೇಕಾದದ್ದು ಹೊಸ ತಂತಿ, ಒಂದು ಸ್ಕ್ರೂಡ್ರೈವರು, ಎಚ್ಚರದ ಕಿವಿ.

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ಮಾಡುತ್ತಿದ್ದ ಕಾಲದಲ್ಲಿ ಕೂದಲೆಳೆಯ ಅಳತೆ ಈ ಸೀಮೆಯ ಕೈಗಳಿಗೆ ಹೊಸದಾಗಿರಲಿಲ್ಲ. ಆ ಶಿಸ್ತು ಸಂಗೀತಕ್ಕೇಕೆ ಬೇಡ? ಧ್ವನಿವರ್ಧಕವು ಅಪಸ್ವರವನ್ನು ತಿದ್ದುವುದಿಲ್ಲ, ಊರಿಗೆಲ್ಲ ಸಾರುತ್ತದೆ. ಮಂದ್ರ ಕದಲಿದರೆ ಅದನ್ನು ನಂಬಿ ಹಾಡುವ ಗಾಯಕಿಯೂ ಜಾರುತ್ತಾಳೆ. ನಿಂದೆ ಮಾತ್ರ ಅವಳೊಬ್ಬಳ ಪಾಲಿಗೆ.