ಬಿಡುವಿಲ್ಲದವರೇ ಒಳ್ಳೆಯ ಟ್ರೈನರ್

ನಮ್ಮೂರ ಜಿಮ್‌ಗಳಿಗೆ ಬರುವವರು ಯಾರು ಎಂದು ಒಮ್ಮೆ ಗಮನಿಸಿ. ಬೆಳಿಗ್ಗೆ ಆರಕ್ಕೆ ಬಂದು, ಏಳಕ್ಕೆ ಮಗುವಿನ ಊಟದ ಡಬ್ಬಿ ಕಟ್ಟಲು ಓಡುವ ತಾಯಿ. ಶಿಫ್ಟ್ ಮುಗಿಸಿ ರಾತ್ರಿ ಎಂಟೂವರೆಗೆ ಬರುವ ಕಾರ್ಖಾನೆ ನೌಕರ. ಶುಗರ್ ಶುರುವಾಗಿದೆ ಎಂದು ಡಾಕ್ಟರು ಗದರಿಸಿ ಕಳಿಸಿದ ಐವತ್ತರ ಮೇಷ್ಟ್ರು. ಇವರಿಗೆ ಕಸರತ್ತು ಹೇಳಿಕೊಡುವವರು ಸಾಮಾನ್ಯವಾಗಿ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಅವರ ಉತ್ಸಾಹದ ಬಗ್ಗೆ ನನಗೆ ಗೌರವವಿದೆ. ಆದರೆ ಈಚೆಗೆ ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಇನ್ನೊಂದು ಗುಂಪು. ಮೂವತ್ತೈದೋ ನಲವತ್ತೋ ದಾಟಿದ ಮೇಲೆ, ನೌಕರಿ ಮಾಡುತ್ತಲೇ, ಮನೆ ನಡೆಸುತ್ತಲೇ ಪರ್ಸನಲ್ ಟ್ರೈನರ್ ಕೋರ್ಸಿಗೆ ಓದುತ್ತಿರುವವರು. ಅವರಿಗೆ ಈ ವಾರ ಒಂದು ಮಾತು ಹೇಳಬೇಕು: ನಿಮ್ಮ ಓದಿಗೆ ಅಡ್ಡ ಬರುತ್ತಿದೆ ಎಂದು ನೀವು ಅಂದುಕೊಂಡಿರುವ ಸಂಸಾರವೇ ನಿಮ್ಮ ಪಾಠಶಾಲೆ.

ಓದು ಹಗುರದ್ದೇನೂ ಅಲ್ಲ. ವೈದ್ಯರಿಗೋ ವಕೀಲರಿಗೋ ಇರುವಂತೆ ಟ್ರೈನರ್‌ಗಳಿಗೆ ನಮ್ಮಲ್ಲಿ ಕಡ್ಡಾಯ ಪರವಾನಗಿ ಇಲ್ಲ. ಹಾಗಾಗಿ ಗಟ್ಟಿಯಾಗಿ ಕಲಿಯಬೇಕು ಎನ್ನುವವರು ತಾವೇ ದಾರಿ ಹುಡುಕಿಕೊಳ್ಳಬೇಕು. ಹಲವರು ಅಮೆರಿಕದ ಎಸಿಇ ಅಥವಾ ಎನ್‌ಎಎಸ್‌ಎಂ ಪರೀಕ್ಷೆ ಆರಿಸಿಕೊಳ್ಳುತ್ತಾರೆ. ಎಸಿಇಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು, ಮೂರು ಗಂಟೆ. 800ರ ಅಳತೆಯಲ್ಲಿ 500 ಬಂದರೆ ಪಾಸು. ಎನ್‌ಎಎಸ್‌ಎಂನಲ್ಲಿ 120 ಪ್ರಶ್ನೆ, ಎರಡು ಗಂಟೆ. ಪಾಸಾದಲ್ಲಿಗೆ ಮುಗಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸದಾಗಿ ಕಲಿತದ್ದನ್ನು ತೋರಿಸಿ ಪ್ರಮಾಣಪತ್ರ ನವೀಕರಿಸಿಕೊಳ್ಳಬೇಕು. ಮೂಳೆ, ಸ್ನಾಯು, ಹೃದಯದ ಕೆಲಸ, ಚಲನೆಯ ತಪಾಸಣೆ, ಆಹಾರದ ಮೂಲಪಾಠ, ಜನರೊಂದಿಗೆ ಮಾತಾಡುವ ರೀತಿ, ಎಲ್ಲವೂ ಪುಸ್ತಕದಲ್ಲಿದೆ. ಸಂಜೆ ಏಳಕ್ಕೆ ಮನೆ ಸೇರುವವರು ಆ ದಪ್ಪ ಪುಸ್ತಕ ನೋಡಿ ಎದೆಗುಂದುವುದು ಸಹಜ.

ಮನೆಯಲ್ಲಿ ಕೂತು ದೂರದಿಂದ ಕಸರತ್ತಿನ ವಿದ್ಯೆ ಕಲಿಯುವುದು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್ ಅವರು ಅಂಚೆಯ ಮೂಲಕವೇ ವ್ಯಾಯಾಮದ ಪಾಠಗಳನ್ನು ಕಳಿಸುತ್ತಿದ್ದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಇದೇ ಅಯ್ಯರ್ ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರು, ನಾಟಕದಲ್ಲಿ ತೊಡಗಿಕೊಂಡವರು. ದೇಹದ ವಿದ್ಯೆ ಕಲಿಯಲು ಬೇರೆಲ್ಲ ಬಿಟ್ಟು ಕೂರಬೇಕಾಗಿಲ್ಲ ಎನ್ನುವುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಬೇಕಿಲ್ಲ.

ಸಂಸಾರವೇ ಪಾಠಶಾಲೆ ಎಂದೆ. ಹುಬ್ಬಳ್ಳಿಯಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ. ಬ್ಯಾಂಕಿನಲ್ಲಿ ಕ್ಯಾಷಿಯರ್, ಎರಡು ಮಕ್ಕಳ ತಾಯಿ. ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆಯನ್ನು ಅವರು ಪುಸ್ತಕದಲ್ಲಿ ಓದಿದ ದಿನವೇ ಅಡುಗೆಮನೆಗೆ ಕುರ್ಚಿ ತಂದು ಗೋಡೆಗೆ ಆನಿಸಿಟ್ಟರು. ಹಿರಿಯರ ಕಾಲಿನ ಶಕ್ತಿ ಅಳೆಯುವ ಸರಳ ಪರೀಕ್ಷೆ ಅದು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಲಾಗುತ್ತದೆ ಎಂದು ಎಣಿಸುವುದು.

“ಅತ್ತಿ, ಕೈ ಊರಬ್ಯಾಡ್ರಿ. ಹಂಗ ಏಳ್ರಿ.”

ಅತ್ತೆ ಎದ್ದರು. ಸೊಸೆಯ ಕಣ್ಣು ಎಣಿಕೆಗಿಂತ ಹೆಚ್ಚಾಗಿ ಮೊಣಕಾಲಿನ ಮೇಲಿತ್ತು. ಏಳುವಾಗ ಬಲ ಮೊಣಕಾಲು ಒಳಕ್ಕೆ ವಾಲುತ್ತಿತ್ತು. ಹಿಮ್ಮಡಿ ನೆಲ ಬಿಡುತ್ತಿತ್ತು. ಸೊಂಟದ ಪಕ್ಕದ ಸ್ನಾಯು ಸೋತಿದ್ದರೂ ಹೀಗಾಗಬಹುದು, ಪಾದದ ಕೀಲು ಬಿಗಿದಿದ್ದರೂ ಆಗಬಹುದು. ಪುಸ್ತಕದಲ್ಲಿ ಎರಡು ಸಾಲಿನಲ್ಲಿರುವ ಮಾತು ಅಲ್ಲಿ ಕಣ್ಣೆದುರೇ ಇತ್ತು.

“ನನ್ನ ಪರೀಕ್ಷಾ ಮುಗೀತೇನವಾ? ಒಲಿ ಮ್ಯಾಲೆ ಹಾಲೈತಿ.”

ಆಮೇಲೆ ಸೊಸೆ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಮೊಣಕಾಲು ಎಷ್ಟು ದಿನದಿಂದ ನೋಯುತ್ತಿದೆ ಎಂದು ಕೇಳಿದರು. ಮಳೆಗಾಲದಿಂದಲೂ ಎಂದು ತಿಳಿದಾಗ ಕಸರತ್ತು ಹೇಳದೆ ಮೊದಲು ಮೂಳೆ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ವ್ಯಾಯಾಮ ಮಾಡಬಹುದು ಎಂದ ಮೇಲೆ, ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರ ಹೆಚ್ಚಿಸಿ, ಅಲ್ಲಿಂದ ಎದ್ದು ಕೂರುವುದನ್ನು ದಿನಕ್ಕಿಷ್ಟು ಎಂದು ಮಾಡಿಸಿದರು. ರೋಗ ಗುರುತಿಸುವುದು, ಔಷಧಿ ಹೇಳುವುದು, ಮಧುಮೇಹದವರಿಗೆ ಪಥ್ಯ ಬರೆದುಕೊಡುವುದು ಟ್ರೈನರ್ ಕೆಲಸವಲ್ಲ. ತನ್ನ ಗಡಿ ಎಲ್ಲಿ ಮುಗಿಯುತ್ತದೆ ಎಂದು ಅರಿಯುವುದು ಈ ವಿದ್ಯೆಯ ಬಹುಮುಖ್ಯ ಪಾಠ. ಮನೆಯ ಹಿರಿಯರ ನೋವು ಕಂಡವರಿಗೆ ಅದು ಬೇಗ ಮನದಟ್ಟಾಗುತ್ತದೆ.

ಹೃದಯ ಬಡಿತದ ಲೆಕ್ಕವನ್ನೇ ತೆಗೆದುಕೊಳ್ಳಿ. 220ರಿಂದ ವಯಸ್ಸು ಕಳೆಯಿರಿ ಎನ್ನುತ್ತದೆ ಹಳೆಯ ಸೂತ್ರ. ನಲವತ್ತು ವರ್ಷದವರಿಗೆ ಗರಿಷ್ಠ ಬಡಿತ 180. ವಿಶ್ರಾಂತಿಯಲ್ಲಿ ಬಡಿತ 70 ಇದ್ದರೆ ಉಳಿದ ಅಂತರ 110. ಅದರ ಶೇ 60 ಎಂದರೆ 66. ಅದಕ್ಕೆ 70 ಕೂಡಿಸಿದರೆ 136. ಮಧ್ಯಮ ಮತ್ತು ಬಿರುಸಿನ ಮಟ್ಟದ ನಡುವಿನ ವ್ಯಾಯಾಮಕ್ಕೆ ಅದು ಒಂದು ಅಂದಾಜು ಗುರಿ. ಆದರೆ ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಆ ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ವಾಚಿನಲ್ಲಿ 136 ಬರಲಿಲ್ಲವೆಂದು ಅವರನ್ನು ಓಡಿಸಿದರೆ ಅಪಾಯ. ಅವರಿಗೆ ಬೋರ್ಗ್ ಅವರ 6ರಿಂದ 20ರ ಆಯಾಸದ ಅಳತೆಯೋ, ನಡೆಯುತ್ತ ಮಾತಾಡಲಾಗುತ್ತಿದೆಯೇ ಎಂಬ ಪರೀಕ್ಷೆಯೋ ಸರಿ. ಅಪ್ಪನ ಮಾತ್ರೆ ಡಬ್ಬಿಯನ್ನು ವಾರಕ್ಕೊಮ್ಮೆ ತುಂಬಿಸುವ ಮಗನಿಗೆ ಈ ಪಾಠ ಪರೀಕ್ಷೆಗಾಗಿ ಕಲಿತದ್ದಾಗಿ ಉಳಿಯುವುದಿಲ್ಲ. ಹೊಸಬರು ಬಂದಾಗ ಮೊದಲು ಯಾವ ಪ್ರಶ್ನೆ ಕೇಳಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ.

ಇನ್ನು ಸಮಯ. ರಜೆ ಹಾಕಿ ಕೊನೆಯ ವಾರ ಓದುತ್ತೇನೆ ಎನ್ನುವವರಿಗೆ ನಾನು ಬೇಡ ಎನ್ನುತ್ತೇನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಚೆನ್ನಾಗಿ ಉತ್ತರಿಸಿದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದು ನೋಡಿಕೊಂಡವರು ವಾರದ ನಂತರ ಅವರನ್ನು ಹಿಂದೆ ಹಾಕಿದರು. ದುಡಿಯುವವರಿಗೆ ಇದು ಶುಭಸುದ್ದಿ. ನೆನಪಿಸಿಕೊಳ್ಳಲು ಮೇಜು ಬೇಡ, ದೀಪ ಬೇಡ. ಬಸ್ಸಿನಲ್ಲಿ ನಿಂತು ಕಂಬಿ ಹಿಡಿದಾಗ ಇನ್ನೊಂದು ಕೈಯನ್ನು ಭುಜದ ಮೇಲಿಟ್ಟು ಅಲ್ಲಿನ ನಾಲ್ಕು ಪುಟ್ಟ ಸ್ನಾಯುಗಳನ್ನು ಹೇಳಿಕೊಳ್ಳಿ: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪ್ಯುಲಾರಿಸ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಥ ಹೆಸರುಗಳಿಗೆ ಹೆದರಬೇಕಿಲ್ಲ. ಬೆರಳಿಟ್ಟು ಮುಟ್ಟಿ ಕಲಿತ ಹೆಸರು ಬೇಗ ಮರೆಯುವುದಿಲ್ಲ. ಭಾರ ಎತ್ತುವುದನ್ನು ವಾರವಾರ ಸ್ವಲ್ಪ ಸ್ವಲ್ಪವೇ ಏರಿಸುವ ಹಾಗೆ ಓದನ್ನೂ ಏರಿಸಿ. ಮೊದಲ ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದಿದ್ದರೆ ಸಾಕು.

ಕಷ್ಟದ ಮಾತನ್ನೂ ಹೇಳಿಬಿಡುತ್ತೇನೆ. ಓದಿಗಿಂತ ವೃತ್ತಿಯೇ ಸಂಸಾರಕ್ಕೆ ಹೆಚ್ಚು ಇಕ್ಕಟ್ಟು ತರುತ್ತದೆ. ಜನರಿಗೆ ಬಿಡುವಿರುವ ಹೊತ್ತೇ ಟ್ರೈನರ್‌ಗೆ ದುಡಿಮೆಯ ಹೊತ್ತು. ಮಕ್ಕಳು ಶಾಲೆಗೆ ಹೊರಡುವಾಗ ಒಂದು ಪಾಳಿ, ಹೋಂವರ್ಕ್ ಮಾಡುವಾಗ ಇನ್ನೊಂದು. ಮಧ್ಯಾಹ್ನ ಜಿಮ್ ಖಾಲಿ. ಪರ್ಸನಲ್ ಟ್ರೈನಿಂಗ್‌ನ ಶುಲ್ಕದಲ್ಲಿ ಜಿಮ್‌ನವರ ಪಾಲೂ ಇರುತ್ತದೆ. ಆದ್ದರಿಂದ ಸರ್ಟಿಫಿಕೇಟ್ ಕೈಗೆ ಬಂದ ದಿನವೇ ನೌಕರಿ ಬಿಡಬೇಡಿ. ಶನಿವಾರ, ಭಾನುವಾರ ಇಬ್ಬರು ಮೂವರಿಗೆ ಹೇಳಿಕೊಡುತ್ತ ಆರು ತಿಂಗಳು ನೋಡಿ. ಯಾವ ಹೊತ್ತು ಮನೆಯದ್ದು, ಯಾವ ಹೊತ್ತು ಜಿಮ್‌ನದ್ದು ಎಂದು ಗಂಡ, ಹೆಂಡತಿ, ಮಕ್ಕಳು ಕೂತು ಮೊದಲೇ ಮಾತಾಡಿಕೊಳ್ಳಿ. ಈ ಒಪ್ಪಂದವಿಲ್ಲದೆ ಹೊರಟವರ ಹುಮ್ಮಸ್ಸು ವರ್ಷ ತುಂಬುವುದರೊಳಗೆ ಇಳಿದದ್ದನ್ನು ನಾನು ಕಂಡಿದ್ದೇನೆ.

ಇಷ್ಟು ಕಷ್ಟಪಟ್ಟು ಕಲಿತವರಿಂದ ನಮಗೇನು ಸಿಗುತ್ತದೆ? ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಎರಡು ದಿನವಾದರೂ ಸ್ನಾಯುಬಲದ ಕಸರತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ ಆಗಲೇಬೇಕು ಎಂಬ ಹಿಂದಿನ ಷರತ್ತನ್ನು ಕೈಬಿಟ್ಟಿತು. ಅಂದರೆ ಚೂರುಪಾರು ಸಮಯವೂ ಲೆಕ್ಕಕ್ಕೆ ಬರುತ್ತದೆ. ಚೂರುಪಾರು ಸಮಯ ಜೋಡಿಸಿ ಪಾಸಾದವರಿಗಿಂತ ಚೆನ್ನಾಗಿ ಇದನ್ನು ಹೇಳಿಕೊಡಬಲ್ಲವರು ಯಾರು? ಡಬ್ಬಿ ಕಟ್ಟುವ ತಾಯಿ “ಮೇಡಂ, ಟೈಮೇ ಇಲ್ಲ” ಎಂದರೆ ಅವರು ಉಪದೇಶ ಮಾಡುವುದಿಲ್ಲ. ಕುಕ್ಕರ್ ಮೂರು ಸೀಟಿ ಹಾಕುವಷ್ಟರಲ್ಲಿ ಏನು ಮಾಡಬಹುದೆಂದು ಬರೆದುಕೊಡುತ್ತಾರೆ. ಪುಸ್ತಕ ಹಿಡಿದು ಹಿಂಜರಿಯುತ್ತಿರುವ ಗೃಹಸ್ಥರೇ, ಗೃಹಿಣಿಯರೇ, ಪರೀಕ್ಷೆಗೆ ಹೆಸರು ನೋಂದಾಯಿಸಿ. ನಿಮ್ಮಂಥವರಿಗಾಗಿ ಕಾದಿರುವ ಜನ ಪ್ರತಿ ಊರಿನಲ್ಲೂ ಇದ್ದಾರೆ.