ಹತ್ತೊಂಬತ್ತೂಕಾಲು ಮಿಲಿಮೀಟರ್

ಮಾದರಿ ರೈಲಿನ ಅಂಗಡಿಯಲ್ಲಿ ಸಿಗುವ 1:87ರ ಎಚ್‌ಒ ಹಳಿಯ ಗೇಜು 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1,435ರ ಸ್ಟ್ಯಾಂಡರ್ಡ್ ಗೇಜು. ಬೆಂಗಳೂರಿನ ನಮ್ಮ ಮೆಟ್ರೊ ಓಡುವುದೂ ಅದರ ಮೇಲೆಯೇ. 2014ರಲ್ಲಿ ಪೀಣ್ಯಕ್ಕೆ ಬಂದ ಹಸಿರು ಮಾರ್ಗ, 2023ರಲ್ಲಿ ವೈಟ್‌ಫೀಲ್ಡ್ ಮುಟ್ಟಿದ ನೇರಳೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋದ ಹಳದಿ, ಮೂರರ ಮಾದರಿಗೂ ಸಿದ್ಧ ಹಳಿ ಸಾಕು. ಆದರೆ ವೈಟ್‌ಫೀಲ್ಡಿನ ರೈಲು ನಿಲ್ದಾಣಕ್ಕೆ, ಅದರ ಪಕ್ಕದ ಕಂಟೇನರ್ ಡಿಪೋಗೆ ಸಾಲದು. ಅಲ್ಲಿರುವುದು 1,676 ಮಿ.ಮೀ. ಬ್ರಾಡ್‌ಗೇಜ್, ಮೇಜಿನ ಮೇಲೆ ಅದು ಹತ್ತೊಂಬತ್ತೂಕಾಲು ಮಿ.ಮೀ. ಆಗಬೇಕು. ಆ ಅಗಲದ ಹಳಿಯನ್ನು ಕೈಯಲ್ಲೇ ಕಟ್ಟಬೇಕು.

‘ಮೂರು ಮಿ.ಮೀ. ಯಾರ ಕಣ್ಣಿಗೆ ಬೀಳುತ್ತದೆ’ ಎನ್ನುವ ಪಂಗಡ ಹಳೆಯದು. ಬ್ರಿಟನ್ನಿನ ಒಒ ಮಾದರಿಗಳು 1:76ರ ಗಾಡಿಯನ್ನು ಇದೇ 16.5ರ ಮೇಲೆ ಓಡಿಸಿ ಗೇಜಿನಲ್ಲಿ ಶೇ 12ರಷ್ಟು ಕಳೆದುಕೊಂಡವು. ಅದನ್ನು ಸಹಿಸದವರು 1960ರ ದಶಕದಲ್ಲಿ 18.83ರ ಹಳಿಯನ್ನು ರೂಢಿಗೆ ತಂದರು. ನಮ್ಮ ಗಾಡಿಗಳನ್ನು ಸಿದ್ಧ ಎಚ್‌ಒ ಹಳಿಗೇರಿಸಿದರೆ ಕಳೆದುಕೊಳ್ಳುವುದು ಶೇ 14ಕ್ಕೂ ಹೆಚ್ಚು. ಡಬ್ಲ್ಯುಎಪಿ-7 ಎಂಜಿನ್ ಎದುರಿನಿಂದ ನೋಡಿದರೆ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಬ್ರಾಡ್‌ಗೇಜ್ ಗಾಡಿಯ ಗತ್ತು ಇರುವುದೇ ಅದರ ಅಗಲದಲ್ಲಿ.

ಹಳಿಯ ಎತ್ತರಕ್ಕೂ ಇದೇ ಲೆಕ್ಕ. ಮೀಟರಿಗೆ 52 ಕೆ.ಜಿ. ತೂಗುವ ಹಳಿಯ ಎತ್ತರ 156 ಮಿ.ಮೀ. ಇಂಚಿನ 70/1000ರಷ್ಟು ಎತ್ತರದ ಕೋಡ್ 70 ಹಳಿ ಅದಕ್ಕೆ ಹೆಚ್ಚುಕಡಿಮೆ ಪೂರ್ತಿ ಹೊಂದುತ್ತದೆ. ಆಟಿಕೆ ಸೆಟ್ಟುಗಳ ಕೋಡ್ 100 ತೀರಾ ದಪ್ಪ. 2.75 ಮೀಟರಿನ ಕಾಂಕ್ರೀಟ್ ಸ್ಲೀಪರ್ ಇಲ್ಲಿ 31.6 ಮಿ.ಮೀ. ಕಿಲೋಮೀಟರಿಗೆ 1,660 ಸ್ಲೀಪರ್ ಎಂದು ಹಿಡಿದರೆ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 7 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ.

ಎಸ್.ಪಿ. ರಸ್ತೆಯಲ್ಲಿ ಸಿಗುವ ತಾಮ್ರ ಹೊದಿಸಿದ ಬೋರ್ಡನ್ನು ಪಟ್ಟಿಯಾಗಿ ಕತ್ತರಿಸಿದರೆ ಸ್ಲೀಪರ್ ಸಿದ್ಧ. ನಕ್ಷೆಯ ಮೇಲೆ ಅವನ್ನು ಅಂಟಿಸಿ, ಮೊದಲ ಹಳಿಯನ್ನು ಬೆಸೆಯಬೇಕು. ತಾಮ್ರವನ್ನು ಉಜ್ಜಿ, ಹಳಿಯ ಪಾದದ ಹೊರಅಂಚಿಗೆ ಪೇಸ್ಟ್ ಸವರಿ, ಕಾದ ಐರನ್ ತಾಗಿಸಿದರೆ ಬೆಸುಗೆಯ ಸೀಸ ಹೊಳೆಯುತ್ತ ಅಂಚಿನುದ್ದಕ್ಕೂ ಓಡುತ್ತದೆ. ಗುಂಡಗೆ ಮುದ್ದೆಯಾಗಿ ನಿಂತರೆ ಹಿಡಿದಿಲ್ಲವೆಂದೇ ಅರ್ಥ. ಐರನ್ ಹೆಚ್ಚು ಹೊತ್ತು ಇಟ್ಟರೆ ತಾಮ್ರದ ಹಾಳೆಯೇ ಬೋರ್ಡಿನಿಂದ ಎದ್ದು ಬರುತ್ತದೆ. ಎರಡನೆಯ ಹಳಿ ಗೇಜಿನ ಅಳತೆಕೋಲಿಗೆ ಒತ್ತಿಕೊಂಡೇ ಕೂರಬೇಕು. ಆಮೇಲೆ ಪ್ರತಿ ಸ್ಲೀಪರಿನ ನಡುವೆ ಅರದಿಂದ ತಾಮ್ರವನ್ನು ಕೆರೆದು, ಎರಡು ಹಳಿಗಳ ನಡುವೆ ಶಾರ್ಟ್ ಇಲ್ಲವೆಂದು ಮೀಟರಿನಲ್ಲಿ ನೋಡಬೇಕು.

ಇನ್ನು ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳು. ಯಾರ್ಡಿಗೆ 1:8.5ರ ಕೋನ ಸಾಕು, 1:12 ಮೇಜನ್ನೇ ನುಂಗುತ್ತದೆ. ಕ್ರಾಸಿಂಗಿನ ಮೂಗನ್ನು ಎರಡು ಹಳಿ ಅರೆದು ಜೋಡಿಸಿ, ಉಳಿದ ಹಳಿಗಳಿಂದ ವಿದ್ಯುತ್ತಿನಲ್ಲಿ ಬೇರ್ಪಡಿಸಿ, ಮೈಕ್ರೊಸ್ವಿಚ್ ಮೂಲಕ ಪಾಯಿಂಟಿನ ಅಲಗು ತಾಗಿ ನಿಂತ ಹೊರಹಳಿಗೆ ಸೇರಿಸಬೇಕು.

ಕೊನೆಗೆ ಗಾಡಿ. ಗೇಜು ಹಿಗ್ಗಿದ 2.75 ಮಿ.ಮೀ. ಅಷ್ಟೇ ಚಕ್ರಗಳ ನಡುವೆಯೂ ಹಿಗ್ಗಬೇಕು. ಅದಕ್ಕೆ ಹೊಸ ಅಚ್ಚು ಬೇಕು. ಪೀಣ್ಯದ ಲೇತ್ ಅಂಗಡಿಗೆ ಗೇಜಿನ ಅಳತೆಕೋಲಿನ ನಕ್ಷೆಯ ಜೊತೆಗೇ ಅಚ್ಚಿನ ನಕ್ಷೆಯನ್ನೂ ಕೊಡಬಹುದು.